ಶಾಲೆಯ ಗಣತಿ, ಮಗುವಿನ ಗೌಪ್ಯತೆ

ಟೊರಾಂಟೊದ ಜೆರಾರ್ಡ್ ಇಂಡಿಯಾ ಬಜಾರ್ 1972ರಲ್ಲಿ ನಾಜ್ ಚಿತ್ರಮಂದಿರದೊಡನೆ ಬೆಳೆಯತೊಡಗಿತು. ಅಲ್ಲಿಗೆ ಬರುವ ಕನ್ನಡಿಗರು, ಪಂಜಾಬಿಗಳು, ತಮಿಳರು, ಪಾಕಿಸ್ತಾನಿಗಳು ಎಲ್ಲರೂ ಶಾಲೆಯ ಗಣತಿಯ ಜನಾಂಗದ ಪ್ರಶ್ನೆಯಲ್ಲಿ 'ದಕ್ಷಿಣ ಏಷ್ಯಾದವರು' ಎಂಬ ಒಂದೇ ಚೌಕಕ್ಕೆ ಸೇರುತ್ತಾರೆ. ಅಲ್ಲಿನ ಅಂಗಡಿಯೊಂದರ ಮುಂದೆ ಪರಿಚಿತ ತಾಯಿಯೊಬ್ಬರು ನನ್ನನ್ನು ಕೇಳಿದರು: "ಡಾಕ್ಟ್ರೇ, ಇದನ್ನ ತುಂಬಿದ್ರೆ ಮಗನಿಗೇನಾದ್ರೂ ತೊಂದರೆ ಆಗತ್ತಾ?"

ತುಂಬಿರಿ ಎಂದೆ. ಎಣಿಕೆಯಿಲ್ಲದೆ ಅಸಮಾನತೆ ಕಾಣುವುದಿಲ್ಲವೆಂಬುದನ್ನು ವೈದ್ಯನಾಗಿ ಕಂಡಿದ್ದೇನೆ. 2020ರ ಮೇ–ಜುಲೈ ಅವಧಿಯಲ್ಲಿ ಟೊರಾಂಟೊದ ಕೋವಿಡ್ ಸೋಂಕಿತರಲ್ಲಿ ಶೇ. 83ರಷ್ಟು ಮಂದಿ ಬಿಳಿಯರಲ್ಲದ ಸಮುದಾಯಗಳವರು. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 52. ಜನಾಂಗವನ್ನು ಕೇಳದಿದ್ದರೆ ಈ ಅಂತರ ಯಾರಿಗೂ ತಿಳಿಯುತ್ತಿರಲಿಲ್ಲ. ಆಂಟೇರಿಯೊದ 2017ರ ಜನಾಂಗಭೇದ ವಿರೋಧಿ ಕಾಯಿದೆಯ ಅಡಿಯಲ್ಲಿ ಶಾಲಾ ಮಂಡಳಿಗಳೂ 2023ರ ಜನವರಿಯಿಂದ ಇಂಥ ಮಾಹಿತಿ ಸಂಗ್ರಹಿಸಬೇಕಾಗಿದೆ.

ಆದರೆ ಆ ತಾಯಿಯ ಅಳುಕು ನಿರಾಧಾರವಲ್ಲ. 2024ರ ಡಿಸೆಂಬರ್‌ನಲ್ಲಿ ಪವರ್‌ಸ್ಕೂಲ್ ತಂತ್ರಾಂಶದಿಂದ ದತ್ತಾಂಶ ಕಳುವಾದಾಗ, ಟೊರಾಂಟೊ ಜಿಲ್ಲಾ ಶಾಲಾ ಮಂಡಳಿಯಲ್ಲಿ 1985ರಷ್ಟು ಹಿಂದೆ ಓದಿದವರ ವಿವರಗಳೂ ಹೊರಬಿದ್ದವು. ಆರೋಗ್ಯ ಕಾರ್ಡಿನ ಸಂಖ್ಯೆಗಳೂ ಅವುಗಳಲ್ಲಿದ್ದವು. ಅವು ದಾಖಲಾತಿಯ ಕಡತಗಳು, ನಿಜ. ಆದರೂ ನಲವತ್ತು ವರ್ಷದ ಕಡತ ಏಕೆ ಉಳಿದಿತ್ತು? ನಮ್ಮ ವೃತ್ತಿಯಲ್ಲಿ, ಬಾಲರೋಗಿಯ ಕಡತವನ್ನು ಆತನಿಗೆ 18 ತುಂಬಿದ ಮೇಲೆ 10 ವರ್ಷ ಕಾಪಾಡಬೇಕೆಂಬ ಸ್ಪಷ್ಟ ಲೆಕ್ಕವಿದೆ.

ಕಳುವಿಗೆ ಒಂದು ತಿಂಗಳು ಮೊದಲು, ನವೆಂಬರ್ 25ರಂದು, ಪ್ರಾಂತ್ಯದ 194ನೇ ಮಸೂದೆಗೆ ಅಂಕಿತ ಬಿದ್ದಿತ್ತು. 18ರೊಳಗಿನವರ ಡಿಜಿಟಲ್ ಮಾಹಿತಿಯನ್ನು ಶಾಲಾ ಮಂಡಳಿಗಳು ಹೇಗೆ ಸಂಗ್ರಹಿಸಿ ಇಟ್ಟುಕೊಳ್ಳಬೇಕೆಂಬುದನ್ನು ಅದು ತಾನೇ ಹೇಳುವುದಿಲ್ಲ. ಮುಂದೆ ರಚಿಸಬಹುದಾದ ನಿಯಮಗಳಿಗೆ ಬಿಡುತ್ತದೆ. ನನ್ನ ಆಕ್ಷೇಪ ಇಷ್ಟೇ: ಕಾಲಮಿತಿ ಕಾಯಿದೆಯ ಒಡಲಲ್ಲೇ ಇರಬೇಕಿತ್ತು, ಶಾಸಕರ ಮುಂದೆ ಚರ್ಚೆಗೆ ಬರಬೇಕಿತ್ತು.

ಇದೇ ಪ್ರಶ್ನೆ ಕರ್ನಾಟಕದಲ್ಲೂ ಎದ್ದಿತು. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು ಮೊಬೈಲ್ ಹಿಡಿದು 60 ಪ್ರಶ್ನೆಗಳೊಡನೆ ಮನೆಮನೆಗೆ ಹೋದರು. (ಅದಕ್ಕಾಗಿ ದಸರಾ ರಜೆಯೂ ಹಿಗ್ಗಿತು, ಮಕ್ಕಳ ಪಾಠದ ದಿನಗಳಿಗೂ ಬೆಲೆಯಿದೆಯಲ್ಲ!) ಉಚ್ಚ ನ್ಯಾಯಾಲಯ ಸಮೀಕ್ಷೆಯನ್ನು ತಡೆಯಲಿಲ್ಲ, ಉತ್ತರಿಸುವುದು ಐಚ್ಛಿಕ, ಮಾಹಿತಿ ಗೌಪ್ಯವಾಗಿರಬೇಕು ಎಂದು ಮಧ್ಯಂತರ ಆದೇಶ ನೀಡಿತು. ಎಣಿಕೆ ನಡೆಯಲಿ, ಒತ್ತಾಯ ಬೇಡ ಎಂಬ ಈ ನಿಲುವು ನನಗೆ ಒಪ್ಪಿಗೆ.

ಆ ತಾಯಿ ನಮೂನೆ ತುಂಬಿದರು. ಬಳಿಕ ಮಗನ ಶಾಲೆಗೆ ಪತ್ರ ಬರೆದು, ಆ ಕಡತವನ್ನು ಯಾವ ವರ್ಷ ಅಳಿಸುತ್ತೀರಿ ಎಂದು ಕೇಳಿದ್ದಾರೆ.