ಎದೆಯ ಗುಳಿ ಅಳೆಯಲು ಸಿ.ಟಿ. ಸ್ಕ್ಯಾನೇ ಬೇಕೇ?

ಪ್ರಶ್ನೆ: ನನ್ನ ಮಗ ಎಂಟನೆಯ ತರಗತಿ. ಅವನ ಎದೆಯ ನಡುವೆ ಗುಳಿ ಇದೆ. ಈ ವರ್ಷ ಎತ್ತರ ಬೆಳೆದಂತೆ ಗುಳಿಯೂ ಆಳವಾದಂತೆ ಕಾಣುತ್ತದೆ. ಈಜಲು ಕರೆದರೆ ಅಂಗಿ ಬಿಚ್ಚಲು ಒಲ್ಲೆ ಎನ್ನುತ್ತಾನೆ. ಗುಳಿ ಹೆಚ್ಚುತ್ತಿದೆಯೇ ಎಂದು ತಿಳಿಯಲು ವರ್ಷವರ್ಷವೂ ಸಿ.ಟಿ. ಸ್ಕ್ಯಾನ್ ಮಾಡಿಸಬೇಕೇ? ವಿಕಿರಣದ ಹೆದರಿಕೆ.
– ಓದುಗರೊಬ್ಬರು, ಕುಲಗೋಡ (ಮೂಡಲಗಿ ತಾ.)

ಉತ್ತರ: ಬೇಕಿಲ್ಲ. ಪಕ್ಕೆಲುಬುಗಳನ್ನು ಎದೆಮೂಳೆಗೆ ಜೋಡಿಸುವ ಮೃದು ಎಲುಬಿನ ಬೆಳವಣಿಗೆ ಏರುಪೇರಾದಾಗ ಎದೆಮೂಳೆ ಒಳಕ್ಕೆ ತಗ್ಗುತ್ತದೆ. ಇದು ಹುಡುಗರಲ್ಲೇ ಹೆಚ್ಚು. ಎತ್ತರ ಬೇಗ ಬೆಳೆಯುವ ವಯಸ್ಸಿನಲ್ಲಿ ಎದ್ದು ಕಾಣುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ.

ಸಿ.ಟಿ.ಯ ಅಳತೆ ಹೀಗೆ: ಎದೆಗೂಡಿನ ಒಳ ಅಗಲವನ್ನು, ಎದೆಮೂಳೆಯಿಂದ ಬೆನ್ನುಮೂಳೆಗಿರುವ ಅಂತರದಿಂದ ಭಾಗಿಸುತ್ತಾರೆ. ಅಗಲ 24 ಸೆಂ.ಮೀ., ಅಂತರ 6 ಸೆಂ.ಮೀ. ಇದ್ದರೆ ಉತ್ತರ 4. ಅಮೆರಿಕದ ಶಸ್ತ್ರವೈದ್ಯ ಹ್ಯಾಲರ್ ಮತ್ತು ಸಂಗಡಿಗರು 1987ರಲ್ಲಿ ಕೊಟ್ಟ ಲೆಕ್ಕವಿದು. ಸಾಮಾನ್ಯ ಎದೆಯಲ್ಲಿ ಇದು 2.5ರ ಆಸುಪಾಸು, 3.25 ದಾಟಿದರೆ ಶಸ್ತ್ರಚಿಕಿತ್ಸೆಯ ಯೋಚನೆ. ಆದರೆ ಎದೆಯ ಒಂದು ಸಾಧಾರಣ ಸಿ.ಟಿ.ಯಲ್ಲಿ ಹತ್ತಾರು ಎಕ್ಸ್‌ರೇಗಳಷ್ಟು ವಿಕಿರಣ. ಬೆಳೆಯುವ ದೇಹಕ್ಕೆ ಅದು ಕಡಿಮೆಯಾದಷ್ಟೂ ಒಳ್ಳೆಯದು.

ಬೆಳಕಿನಿಂದಲೂ ಅಳೆಯಬಹುದು. ದೀಪದ ಮುಂದೆ ಬಾಚಣಿಗೆ ಹಿಡಿದು ಅದರ ನೆರಳನ್ನು ಗೋಡೆಯ ಮೇಲೆ ಬೀಳಿಸಿ; ಗೆರೆಗಳು ನೇರ. ಅದೇ ನೆರಳು ಬಟ್ಟಲಿನ ಮೇಲೆ ಬಿದ್ದಾಗ ಪಕ್ಕದಿಂದ ನೋಡಿದರೆ ಗೆರೆಗಳು ಬಾಗಿರುತ್ತವೆ. ಬಾಗಿನಲ್ಲೇ ಬಟ್ಟಲಿನ ಆಕಾರ ಅಡಗಿದೆ. ಜಪಾನಿನ ತಕಾಸಾಕಿ 1970ರಲ್ಲಿ ಇಂಥ ನೆರಳುಗೆರೆಗಳಿಂದಲೇ ಮೈಯ ಉಬ್ಬುತಗ್ಗು ಅಳೆಯುವ ವಿಧಾನ ತೋರಿಸಿದರು. ಇಂದಿನ ಕೆಲವು ಸ್ಕ್ಯಾನರ್‌ಗಳು ಎದೆಯ ಮೇಲೆ ಬೆಳಕಿನ ಪಟ್ಟಿ ಚೆಲ್ಲಿ, ಕ್ಷಣಗಳಲ್ಲಿ ಕಂಪ್ಯೂಟರಿನಲ್ಲಿ ಎದೆಯ ರೂಪ ಮೂಡಿಸುತ್ತವೆ. ಅವು ಅಳೆಯುವುದು ಚರ್ಮದ ಮೇಲ್ಮೈಯನ್ನು. ಆದ್ದರಿಂದ ಆ ಅಂಕಿಯನ್ನು ಸಿ.ಟಿ.ಯ ಅಂಕಿಯೊಡನೆ ಹೋಲಿಸಬಾರದು. ಹಿಂದಿನ ಸ್ಕ್ಯಾನಿನ ಅಂಕಿಯೊಡನೆ ಹೋಲಿಸಬೇಕು.

ಯಂತ್ರ ಸಿಗದಿದ್ದರೆ ಎರಡು ಫೂಟುಪಟ್ಟಿ ಸಾಕು. ಹುಡುಗ ಅಂಗಾತ ಮಲಗಲಿ. ಒಂದು ಪಟ್ಟಿಯನ್ನು ಗುಳಿಯ ಮೇಲೆ ಅಡ್ಡ ಇಡಿ. ಸೊನ್ನೆಯ ಗೆರೆ ತುದಿಯಲ್ಲೇ ಇರುವ ಇನ್ನೊಂದು ಪಟ್ಟಿಯನ್ನು ಗುಳಿಯ ತಳಕ್ಕೆ ಮುಟ್ಟಿಸಿ, ಆಳವನ್ನು ಮಿ.ಮೀ.ನಲ್ಲಿ ಬರೆದಿಡಿ. ಪ್ರತಿಸಲವೂ ಸಹಜವಾಗಿ ಉಸಿರು ಬಿಟ್ಟ ಮೇಲೆಯೇ ಅಳೆಯಿರಿ. ಆರು ತಿಂಗಳಿಗೊಮ್ಮೆ ಸಾಕು. ವಾರವಾರ ಅಳೆದರೆ ಹುಡುಗನ ಸಂಕೋಚ ಹೆಚ್ಚೀತು.

ಹೃದಯ, ಶ್ವಾಸಕೋಶಗಳ ಸ್ಥಿತಿ ಫೂಟುಪಟ್ಟಿಗೆ ಕಾಣದು. ಓಡಿದರೆ ಏದುಸಿರು, ಎದೆನೋವು ಇದ್ದರೆ ವೈದ್ಯರಿಗೆ ತೋರಿಸಿ. ಎಕೋ, ಊದುವ ಪರೀಕ್ಷೆ ಎರಡರಲ್ಲೂ ವಿಕಿರಣವಿಲ್ಲ. ಒಳಗಿನ ಚಿತ್ರ ಬೇಕಾದರೆ ಎಂ.ಆರ್.ಐ. ಕೂಡ ಉಂಟು. ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೆಂದು ವೈದ್ಯರು ಒಮ್ಮೆ ಸಿ.ಟಿ. ಬೇಕೆಂದರೆ ಮಾತ್ರ ಹಿಂಜರಿಯಬೇಡಿ.

ವೈದ್ಯರು ಬೇಡವೆನ್ನದಿದ್ದರೆ ಮಗ ಈಜಲಿ. ಬೇಕಾದರೆ ಬನಿಯನ್ ಹಾಕಿಕೊಂಡೇ ನೀರಿಗಿಳಿಯಲಿ.