ಓದಲಾಗದ್ದು ಡಿಸ್ಕ್ ಅಲ್ಲ, ಕಂಪನಿಯ ಇಂಗ್ಲಿಷು!

ಕನ್ನಡಿಗ ತರುಣರೇ, ಕುಷ್ಟಗಿಯ ಹೆದ್ದಾರಿಯಲ್ಲಿ ನಡೆದದ್ದನ್ನು ಕೇಳಿ.

ಯಲಬುರ್ಗಾ ಕಡೆಯ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡ. ಡಿಸ್ಕ್ ಹಾಕಿದರೆ ಪರದೆಯ ಮೇಲೆ ನಕ್ಷೆ ಮೂಡುವ ದುಬಾರಿ ಕಾರು. ಊರಿಗೆ ಹೊರಟಾಗ ನಾನೂ ಜೊತೆಗಿದ್ದೆ. ಹೊಸಪೇಟೆ ದಾಟಿ ಕುಷ್ಟಗಿ ಸಮೀಪಿಸುತ್ತಿದ್ದಂತೆ ನಕ್ಷೆ ಮಾಯ! ಇಂಗ್ಲಿಷಿನಲ್ಲಿ ಒಂದೇ ಸಾಲು. ಇಪ್ಪತ್ತು ವರ್ಷ ಲಾರಿ ಓಡಿಸಿದ ಗಟ್ಟಿ ಆಸಾಮಿ ಬೆವರಿದ: “ಏನ್ ಬರದೈತ್ರೀ ಅಣ್ಣಾರ ಇದರಾಗ? ಇಂಜಿನ್ ಏನರ ಕೆಟ್ಟೈತೇನು?”

ಬರೆದಿದ್ದುದು ಇಷ್ಟೇ: ಡಿಸ್ಕ್ ಓದಲು ಆಗುತ್ತಿಲ್ಲ.

ದಪ್ಪ ಕೈಪಿಡಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಫೋನ್ ಮಾಡಿದರೆ ಆ ಕಡೆಯಿಂದ ಹಿಂದಿ: ಗಾಡಿಯನ್ನು ಬೆಂಗಳೂರಿಗೆ ತನ್ನಿ, ಯಂತ್ರವನ್ನೇ ಬದಲಿಸಬೇಕು! ಕೊನೆಗೆ ಡಿಸ್ಕ್ ಹೊರತೆಗೆದು ನೋಡಿದೆವು. ಬೆರಳಿನ ಜಿಡ್ಡು. ಒರೆಸಿ ಹಾಕಿದೆವು, ನಕ್ಷೆ ಬಂತು. ಹತ್ತು ನಿಮಿಷದ ಕೆಲಸ! ಇದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾಗುತ್ತಿತ್ತು ಸ್ವಾಮಿ?

ಕಂಪನಿ ಹೇಳದ್ದನ್ನು ನಾವು ಹೇಳುತ್ತೇವೆ. ಕತ್ತರಿಸಿ ಕಾರಿನಲ್ಲಿಟ್ಟುಕೊಳ್ಳಿ.

ಮೊದಲು ಡಿಸ್ಕ್ ತಿರುವುಮುರುವಾಗಿದೆಯೇ ನೋಡಿ. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿಕ್ಕಬೇಡಿ. ಪೆಟ್ರೋಲ್, ತಿನ್ನರ್ ಮುಟ್ಟಿಸಲೇಬೇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಡಿಸ್ಕ್ ಬಾಗುತ್ತದೆ; ಸಮತಟ್ಟಾದ ಜಾಗದಲ್ಲಿಟ್ಟು ನೋಡಿ. ಆಳವಾದ ಗೀರಿದ್ದರೆ ಬೇರೆ ಡಿಸ್ಕ್ ಬೇಕು. ಮನೆಯಲ್ಲಿ ನಕಲು ಮಾಡಿದ ಡಿಸ್ಕನ್ನೂ ಬೇರೆ ಮಾದರಿಯ ಡಿಸ್ಕನ್ನೂ ಎಷ್ಟೋ ಯಂತ್ರಗಳು ಓದುವುದಿಲ್ಲ. ಹಾಡಿನ ಸಿ.ಡಿ. ನಡೆಯಿತೆಂದು ಯಂತ್ರ ಸರಿಯಿದೆ ಎನ್ನಬೇಡಿ, ಸಿ.ಡಿ.ಗೂ ಡಿ.ವಿ.ಡಿ.ಗೂ ಲೇಸರ್ ಬೇರೆ ಬೇರೆ. ಆ ಯಂತ್ರಕ್ಕೆ ಹೊಂದುವ ಮತ್ತೊಂದು ಒಳ್ಳೆಯ ಡಿಸ್ಕ್ ಹಾಕಿ. ಅದೂ ಓದದಿದ್ದರೆ ಮಾತ್ರ ಲೆನ್ಸಿನ ಧೂಳು ಅಥವಾ ಯಂತ್ರದ ದೋಷ. ಆಗ ಮೆಕ್ಯಾನಿಕ್ ಬಳಿ ಹೋಗಿ.

ಇನ್ನೊಂದು ಮಾತು. ಎಷ್ಟು ಒರೆಸಿದರೂ ಹಳೆಯ ನಕ್ಷೆ ಹೊಸದಾಗದು. ಕುಷ್ಟಗಿಯ ಹಳೆಯ 13ನೇ ಹೆದ್ದಾರಿ ಈಗ 50, ಕೊಪ್ಪಳದ 63 ಈಗ 67. ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರೆ ತಾಲ್ಲೂಕುಗಳಾಗಿವೆ. ಹಳೆಯ ಡಿಸ್ಕಿಗೆ ಇದೆಲ್ಲ ಎಲ್ಲಿ ಗೊತ್ತು?

ಬಂಧುಗಳೇ, ಉಪಗ್ರಹಕ್ಕೆ ಭಾಷೆಯಿಲ್ಲ. ಅದು ಕಳಿಸುವುದು ಬರೀ ಸಂಕೇತ. ಪರದೆಯ ಮೇಲೆ ಯಾವ ಅಕ್ಷರ ಮೂಡಬೇಕೆಂದು ತೀರ್ಮಾನಿಸುವವರು ಮನುಷ್ಯರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವುದೆಂದು ಹೇಳುವಾಗ ಹೆಸರಿಸಿದ ಊರುಗಳಲ್ಲಿ ಕೊಪಣವೂ ಒಂದು. ಅದೇ ಇಂದಿನ ಕೊಪ್ಪಳ. ಆ ನೆಲದ ರಸ್ತೆಯಲ್ಲಿ ಓಡುವ ಕಾರಿಗೆ ಕನ್ನಡ ಬೇಡವೇ? ಇದು ಮಲತಾಯಿ ಧೋರಣೆಯಲ್ಲದೆ ಮತ್ತೇನು?

ಕರ್ನಾಟಕದಲ್ಲಿ ತಯಾರಾದ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಸಂತೋಷ. ಆದರೆ ಹೊರಗೆ ತಯಾರಾಗಿ ಇಲ್ಲಿ ಮಾರಾಟವಾಗುವ ಕಾರಿನ ಗತಿ? ದುಡ್ಡು ಮಾತ್ರ ಕನ್ನಡಿಗನದು, ಭಾಷೆ ಪರರದೇ? ಇಲ್ಲಿ ಮಾರುವ ಪ್ರತಿ ವಾಹನಕ್ಕೂ ಕನ್ನಡ ಕೈಪಿಡಿ, ಕನ್ನಡ ಪರದೆ ಕಡ್ಡಾಯವಾಗಲಿ!

ತಪ್ಪು ನಮ್ಮದೂ ಇದೆ. ಕಾರಿನ ಬಣ್ಣ ಕೇಳುತ್ತೇವೆ, ಮೈಲೇಜ್ ಕೇಳುತ್ತೇವೆ, ಕನ್ನಡ ಇದೆಯೇ ಎಂದು ಕೇಳುವುದಿಲ್ಲ. ಬೆಂಗಳೂರು, ಹುಬ್ಬಳ್ಳಿಯ ಗೆಳೆಯರೇ, ಇನ್ನು ಮುಂದೆ ಶೋರೂಮಿಗೆ ಕಾಲಿಟ್ಟ ಕೂಡಲೇ ಮೊದಲ ಪ್ರಶ್ನೆ ಇದಾಗಲಿ: “ಕನ್ನಡ ಕೈಪಿಡಿ ಎಲ್ಲಿ?” ಇಲ್ಲವೆಂದರೆ ಚೆಕ್ ಜೇಬಿನಲ್ಲೇ ಇರಲಿ!