ಕೂರಿಗೆಗೆ ಒಡೆಯ ಬೇಡ

ನಮ್ಮ ಹಳ್ಳಿಯ ಸಾಮಾನುಗಳ ಆಕಾರಕ್ಕೂ ಟ್ರೇಡ್‌ಮಾರ್ಕ್ ಸಿಗಬೇಕು, ಅದು ಇಷ್ಟು ಕಷ್ಟವಾಗಿರುವುದು ಬಡವರಿಗೆ ಮಾಡಿದ ಅನ್ಯಾಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಷ್ಟವೇ ಬಡವರ ಬೇಲಿ.

ಹೊಳೆಮಣ್ಣೂರಿನಂಥ ಊರಿನ ಎರೆಹೊಲಕ್ಕಿಳಿಯುವ ಕೂರಿಗೆಯನ್ನೇ ನೋಡಿ. ಮೇಲೆ ಬೀಜ ಬಿಡುವ ಬಟ್ಟಲು, ಕೆಳಗೆ ಕೊಳವೆಗಳು, ತುದಿಯಲ್ಲಿ ಮಣ್ಣು ಸೀಳುವ ಹಲ್ಲು. ಸಾಲುಗಳ ನಡುವೆ ಎಷ್ಟು ಅಂತರ ಬೇಕೋ ಹಲ್ಲುಗಳ ನಡುವೆಯೂ ಅಷ್ಟೇ. ಈ ಆಕಾರ ಬಡಿಗನ ಶೋಕಿಯಲ್ಲ, ಬಿತ್ತನೆಯ ಅಗತ್ಯ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಸರಕಿನ ಆಕಾರವೂ ಗುರುತಾಗಬಹುದು ಎನ್ನುತ್ತದೆ. ಆದರೆ ಸರಕಿನ ಸ್ವಭಾವದಿಂದಲೇ ಬಂದ, ತಾಂತ್ರಿಕ ಫಲಕ್ಕೆ ಬೇಕೇಬೇಕಾದ, ಇಲ್ಲವೇ ಸರಕಿಗೆ ಗಣನೀಯ ಮೌಲ್ಯ ತರುವ ಆಕಾರಕ್ಕೆ ಕಲಂ 9(3) ಬಾಗಿಲು ಹಾಕುತ್ತದೆ.

ಹಾಕಲೇಬೇಕು. ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ, ವಿನ್ಯಾಸದ ಹಕ್ಕು ಹೆಚ್ಚೆಂದರೆ 15ಕ್ಕೆ. ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಕೊನೆಯಿಲ್ಲದೆ ಇಟ್ಟುಕೊಳ್ಳಬಹುದು. ಕೆಲಸದ ಆಕಾರವೊಂದು ಆ ದಾರಿಯಲ್ಲಿ ಒಬ್ಬರ ಪಾಲಾದರೆ ಮರಳಿ ಬಾರದು. 2010ರಲ್ಲಿ ಯುರೋಪಿನ ನ್ಯಾಯಾಲಯ ಲೆಗೊ ಇಟ್ಟಿಗೆಗೆ ಇಲ್ಲ ಎಂದದ್ದು ಇದಕ್ಕೇ.

ಇನ್ನೊಂದು ತೊಡಕು, ಆಕಾರ ಕಂಡೊಡನೆ ತಯಾರಕ ಹೊಳೆಯಬೇಕು. ಮೈಸೂರು ಸ್ಯಾಂಡಲ್ ಸೋಪಿನಿಂದ ಹೆಸರು, ಶರಭದ ಗುರುತು, ಗಂಧದ ಪರಿಮಳ ತೆಗೆದುಬಿಡಿ. ಉಳಿದ ಅಂಡಾಕಾರ ಯಾರದೆಂದು ಹೇಳುತ್ತೀರಿ? ನೆಸ್ಲೆಯಂಥ ಕಂಪನಿಯೂ ಕಿಟ್‌ಕ್ಯಾಟಿನ ನಾಲ್ಕು ಬೆರಳಿನ ಆಕಾರಕ್ಕಾಗಿ 2018ರಲ್ಲಿ ಸೋತಿತು. ಬೆಲ್ಜಿಯಂ, ಐರ್ಲೆಂಡ್, ಗ್ರೀಸ್, ಪೋರ್ಚುಗಲ್‌ಗಳಲ್ಲಿ ಜನ ಅದನ್ನು ಗುರುತಿಸುತ್ತಾರೆ ಎಂಬುದು ಸಾಬೀತಾಗಿರಲಿಲ್ಲ.

ಇಂಥ ಪುರಾವೆಗೆ ವರ್ಷಗಳ ಮಾರಾಟದ ಲೆಕ್ಕ, ಜಾಹೀರಾತಿನ ಖರ್ಚು, ಗ್ರಾಹಕರ ಸಮೀಕ್ಷೆ ಬೇಕು. ಅವು ಉಳ್ಳವರ ಬಳಿಯೇ ಇರುತ್ತವೆ, ನಿಜ. ಹಾಗೆಂದು ನಿಯಮ ಸಡಿಲಿಸಿದರೆ ಮೊದಲು ಒಳನುಗ್ಗುವವರು ಯಾರು? ಬಡಿಗನಲ್ಲ, ವಕೀಲರನ್ನು ಇಟ್ಟುಕೊಂಡ ಕಂಪನಿ. ನಾಳೆ ಕೂರಿಗೆಯ ಆಕಾರ ನಮ್ಮದೆಂದು ನೋಟಿಸು ಬಂದರೆ, ನಮ್ಮಜ್ಜನ ಕಾಲದಿಂದ ಮಾಡುತ್ತ ಬಂದಿದ್ದೇವೆ ಎನ್ನಲು ಅವನ ಹತ್ತಿರ ಯಾವ ರಸೀದಿ ಇದೆ? ಜೋಳದ ಕಾಳು ಅಳೆಸಿಕೊಂಡು ಮಾಡಿದ ಕೆಲಸಕ್ಕೆ ಯಾರು ಬಿಲ್ಲು ಬರೆದಿದ್ದರು?

ಕುಶಲಕರ್ಮಿಗೆ ರಕ್ಷಣೆ ಬೇಕು, ಅದರ ದಾರಿ ಬೇರೆ. ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆಗಳಿಗೆ ಸಿಕ್ಕ ಭೌಗೋಳಿಕ ಸೂಚಿ ಊರಿನ ಹೆಸರನ್ನು ಆ ಊರಿನ ಕಸುಬುದಾರರೆಲ್ಲರ ಪರವಾಗಿ ಕಾಯುತ್ತದೆ. ಒಬ್ಬರಿಗೇ ಬರೆದುಕೊಡುವುದಿಲ್ಲ. ಅದನ್ನು ಬಲಪಡಿಸಲು ಹೋರಾಡೋಣ. ಕೂರಿಗೆಯ ಆಕಾರ ಮಾತ್ರ ಬಿತ್ತುವವರೆಲ್ಲರದಾಗಿಯೇ ಇರಲಿ.